ಆಂಪ್ಲಿಫೈಯರ್‌ಗಳ ದನಿ ಬೇರೆ ಬೇರೆಯೇ? ಕಣ್ಣು ಕಟ್ಟಿ ಕೇಳುವ ಪರೀಕ್ಷೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹವ್ಯಾಸಕ್ಕೆಂದು ಆಂಪ್ಲಿಫೈಯರ್, ಅಂದರೆ ಹಾಡಿನ ಸಣ್ಣ ವಿದ್ಯುತ್ ಸಂಕೇತವನ್ನು ಸ್ಪೀಕರ್ ನುಡಿಸುವಷ್ಟು ಬಲಪಡಿಸುವ ಪೆಟ್ಟಿಗೆ, ಜೋಡಿಸುವವನು ಎಂದು ಗೊತ್ತಾದ ಮೇಲೆ ಜನ ನನ್ನನ್ನು ಕೇಳುವ ಪ್ರಶ್ನೆಗಳಲ್ಲಿ ಅರ್ಧದಷ್ಟು ಒಂದೇ ಪ್ರಶ್ನೆಯ ಬೇರೆ ಬೇರೆ ವೇಷಗಳು. ಪತ್ರದಲ್ಲಿ, ಫೋನಿನಲ್ಲಿ, ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಕೇಳಿದವನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಕೇಳಿದವರ ಮಾತನ್ನು ಆದಷ್ಟು ಹಾಗೆಯೇ ಉಳಿಸಿದ್ದೇನೆ, ಕೆಲವರ ಕೋಪವನ್ನೂ.

## ಮೊದಲ ಪ್ರಶ್ನೆಗಳು

ಸುತ್ತಿ ಬಳಸಿ ಹೇಳಬೇಡಿ. ಆಂಪ್ಲಿಫೈಯರ್ ಬದಲಿಸಿದರೆ ದನಿ ಬದಲಾಗುತ್ತದೆಯೇ, ಇಲ್ಲವೇ?

ಎರಡೂ ಆಂಪ್ಲಿಫೈಯರ್ ಸುಸ್ಥಿತಿಯಲ್ಲಿದ್ದು, ಎರಡರ ಸದ್ದಿನ ಮಟ್ಟವನ್ನು ಸರಿಸಮ ಮಾಡಿ, ಯಾವುದನ್ನೂ ಅದರ ಶಕ್ತಿ ಮೀರಿ ದುಡಿಸದೆ, ಯಾವುದು ನುಡಿಯುತ್ತಿದೆ ಎಂದು ತಿಳಿಸದೆ ಕೇಳಿಸಿದರೆ, ಸಾಧಾರಣ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್‌ಗಳನ್ನು ಬೇರ್ಪಡಿಸಿ ಗುರುತಿಸುವುದು ಜನರಿಂದ ಆಗುವುದಿಲ್ಲ. ಈ ವಾಕ್ಯದಲ್ಲಿ ನಾಲ್ಕು ಷರತ್ತುಗಳಿವೆ. ಜಗಳಗಳೆಲ್ಲ ಹುಟ್ಟುವುದು ಅವುಗಳಲ್ಲೊಂದನ್ನು ಮರೆತಾಗ. ಷರತ್ತು ಮುರಿದಾಗ ವ್ಯತ್ಯಾಸ ಕೇಳಿಸಬಹುದು. ಆಗ ಅಳೆದು ತೋರಿಸಬಲ್ಲ ಕಾರಣವೂ ಸಿಗುತ್ತದೆ.

ಕೇಳುವುದು ಕಿವಿ. ಕಣ್ಣು ಕಟ್ಟುವುದೇಕೆ?

ಕೇಳುವುದು ಕಿವಿಯಾದರೂ ತೀರ್ಪು ಕೊಡುವುದು ತಲೆ. ತಲೆಗೆ ಬೆಲೆ ಗೊತ್ತಿರುತ್ತದೆ, ತೂಕ ಗೊತ್ತಿರುತ್ತದೆ, ಮುಂಭಾಗದ ದಪ್ಪ ಅಲ್ಯೂಮಿನಿಯಂ ಹಲಗೆ ಕಂಡಿರುತ್ತದೆ. 1994ರಲ್ಲಿ ಧ್ವನಿ ಸಂಶೋಧಕರಾದ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ ಒಂದೇ ಸ್ಪೀಕರ್‌ಗಳನ್ನು ನಲವತ್ತು ಜನರಿಗೆ ಒಮ್ಮೆ ತೋರಿಸಿ, ಒಮ್ಮೆ ಪರದೆಯ ಹಿಂದಿಟ್ಟು ಕೇಳಿಸಿದರು. ಪರದೆಯ ಹಿಂದೆ ಒಳ್ಳೆಯ ಅಂಕ ಗಿಟ್ಟಿಸಿದ ಪುಟ್ಟ, ಅಗ್ಗದ ಸ್ಪೀಕರ್ ಸೆಟ್ಟು ಕಣ್ಣಿಗೆ ಬಿದ್ದ ಕೂಡಲೇ ಕೆಳಗಿಳಿಯಿತು. ಕೇಳಿದವರು ಆ ಉದ್ಯಮದಲ್ಲೇ ಕೆಲಸ ಮಾಡುವವರು. ಸ್ಪೀಕರ್‌ಗಳ ನಡುವಿನ ವ್ಯತ್ಯಾಸ ದೊಡ್ಡದು, ಯಾರಿಗಾದರೂ ಕೇಳಿಸುವಂಥದ್ದು. ಅದನ್ನೇ ಕಣ್ಣು ಅಳಿಸಿ ಬರೆಯಬಲ್ಲದು ಎಂದರೆ ಆಂಪ್ಲಿಫೈಯರ್‌ನಂಥ ಕಡೆ ಅದರ ಕಾರುಬಾರು ಎಷ್ಟಿರಬೇಡ!

ನಿಜವಾಗಿ ಯಾರ ಕಣ್ಣಿಗೂ ಬಟ್ಟೆ ಕಟ್ಟಬೇಕಾಗಿಲ್ಲ. ಪೆಟ್ಟಿಗೆಗಳ ಮುಂದೆ ಒಂದು ಹಳೆಯ ಪಂಚೆ ಇಳಿಬಿಟ್ಟರೂ ಸಾಕು.

ಪರೀಕ್ಷೆ ನಡೆಸುವವರಿಗೂ ಗೊತ್ತಿರಬಾರದು ಎನ್ನುತ್ತೀರಿ. ಅಷ್ಟು ಅನುಮಾನವೇ?

ಅನುಮಾನ ಮನುಷ್ಯನ ಮೇಲಲ್ಲ, ಅವನ ಹುಬ್ಬಿನ ಮೇಲೆ. ಬರ್ಲಿನ್‌ನಲ್ಲಿ ಕಳೆದ ಶತಮಾನದ ಆರಂಭದಲ್ಲಿ ಹಾನ್ಸ್ ಎಂಬ ಕುದುರೆ ಲೆಕ್ಕ ಮಾಡುತ್ತಿತ್ತು. ಉತ್ತರವನ್ನು ಗೊರಸು ಬಡಿದು ಹೇಳುತ್ತಿತ್ತು. 1907ರಲ್ಲಿ ಆಸ್ಕರ್ ಫುಂಗ್ಸ್ಟ್ ಪರೀಕ್ಷಿಸಿದಾಗ, ಪ್ರಶ್ನೆ ಕೇಳುವವನಿಗೇ ಉತ್ತರ ಗೊತ್ತಿಲ್ಲದಿದ್ದರೆ ಕುದುರೆಗೂ ಗೊತ್ತಾಗುವುದಿಲ್ಲ ಎಂದು ತಿಳಿಯಿತು. ಸರಿಯಾದ ಸಂಖ್ಯೆ ಬಂದಾಗ ಎದುರು ನಿಂತವನ ಮೈ ತನಗರಿವಿಲ್ಲದೆಯೇ ಸಡಿಲವಾಗುತ್ತಿತ್ತು. ಕುದುರೆ ಅದನ್ನು ಓದುತ್ತಿತ್ತು. ಕುದುರೆಗೆ ಆಗುವುದು ನಿಮ್ಮ ಸ್ನೇಹಿತನಿಗೂ ಆಗುತ್ತದೆ.

ಎಬಿಎಕ್ಸ್ ಎಂದರೇನು?

ಎ ಒಂದು ಆಂಪ್ಲಿಫೈಯರ್, ಬಿ ಇನ್ನೊಂದು. ಎಕ್ಸ್ ಎನ್ನುವುದು ಇವೆರಡರಲ್ಲಿ ಒಂದು, ಯಾವುದೆಂದು ಗುಟ್ಟು. ಮೂರನ್ನೂ ಬೇಕಾದಷ್ಟು ಸಲ ಬದಲಿಸಿ ಕೇಳಿ, ಎಕ್ಸ್ ಯಾವುದು ಎಂದು ಹೇಳಬೇಕು. ಯಾವುದು ಚೆನ್ನ ಎಂಬ ಪ್ರಶ್ನೆಯೇ ಇಲ್ಲಿ ಬರುವುದಿಲ್ಲ. ಈ ಕ್ರಮದ ಬೇರು 1950ರಷ್ಟು ಹಿಂದೆ ಬೆಲ್ ಪ್ರಯೋಗಾಲಯದಲ್ಲಿದೆ. ಅದನ್ನು ಆಡಿಯೋ ಲೋಕಕ್ಕೆ ಸ್ವಿಚ್ ಪೆಟ್ಟಿಗೆಯ ರೂಪದಲ್ಲಿ ತಂದವರಲ್ಲಿ ಪ್ರಮುಖರು ಅಮೆರಿಕದ ಡೇವಿಡ್ ಕ್ಲಾರ್ಕ್. 1982ರಲ್ಲಿ ಅವರು ಈ ಬಗ್ಗೆ ಪ್ರಬಂಧ ಪ್ರಕಟಿಸಿದರು.

ಇಷ್ಟು ವರ್ಷಗಳಲ್ಲಿ ಯಾರಾದರೂ ಗಂಭೀರವಾಗಿ ಮಾಡಿ ನೋಡಿದ್ದಾರೆಯೇ, ಅಥವಾ ಎಲ್ಲ ಬಾಯಿಮಾತೇ?

ಮಾಡಿದ್ದಾರೆ, ಮತ್ತೆ ಮತ್ತೆ. ನನಗೆ ಬಹಳ ಇಷ್ಟವಾದದ್ದು 1978ರ ಇಂಗ್ಲೆಂಡಿನದು. ಕ್ವಾಡ್ ಕಂಪನಿಯ ಮೂರು ತಲೆಮಾರಿನ ಆಂಪ್ಲಿಫೈಯರ್‌ಗಳನ್ನು ಜೇಮ್ಸ್ ಮೋಯರ್ ಎದುರುಬದುರು ಇಟ್ಟರು: ಐವತ್ತರ ದಶಕದ ವಾಲ್ವ್ (ಬಿಸಿಯಾಗಿ ಹೊಳೆಯುವ ಗಾಜಿನ ಬುರುಡೆ) ಯಂತ್ರ ಕ್ವಾಡ್ 2, ಅರವತ್ತರ ದಶಕದ ಟ್ರಾನ್ಸಿಸ್ಟರ್ 303, ಎಪ್ಪತ್ತರ ದಶಕದ 405. ಕೇಳಿದವರ ತಂಡಕ್ಕೆ ಅವುಗಳನ್ನು ಖಚಿತವಾಗಿ ಬೇರ್ಪಡಿಸಲು ಆಗಲಿಲ್ಲ. ಹೊಸ ಮಾದರಿ ಮಾರಬೇಕಾದ ಕಂಪನಿಯೇ ತನ್ನ ಹಳೆಯ ಮಾದರಿಯ ಜೊತೆ ಹೀಗೆ ಸ್ಪರ್ಧೆಗೆ ನಿಲ್ಲಿಸಲು ಒಪ್ಪಿದ್ದು ದೊಡ್ಡ ಮಾತು.

1987ರ ಜನವರಿಯಲ್ಲಿ ಅಮೆರಿಕದ ‘ಸ್ಟೀರಿಯೋ ರಿವ್ಯೂ’ ಪತ್ರಿಕೆ ಇನ್ನೂ ವಿಸ್ತಾರವಾದ ಪರೀಕ್ಷೆಯನ್ನು ಪ್ರಕಟಿಸಿತು. ಸುಮಾರು 220 ಡಾಲರಿನ ರಿಸೀವರ್‌ನಿಂದ (ರೇಡಿಯೋ, ಆಂಪ್ಲಿಫೈಯರ್ ಎರಡೂ ಇರುವ ಪೆಟ್ಟಿಗೆ) ಹಿಡಿದು 12,000 ಡಾಲರಿನ ವಾಲ್ವ್ ಜೋಡಿಯವರೆಗೆ ಆರು ಬಗೆ, ಕೇಳಲು ಇಪ್ಪತ್ತೈದು ಜನ. ವ್ಯತ್ಯಾಸ ಇದೆ ಎನ್ನುವವರೂ ಇಲ್ಲ ಎನ್ನುವವರೂ ಅದರಲ್ಲಿದ್ದರು. ಒಟ್ಟು ಉತ್ತರಗಳು ನಾಣ್ಯ ಚಿಮ್ಮಿದಷ್ಟೇ ಸರಿಯಾಗಿದ್ದವು. ನಂಬುವವರ ಕಿವಿ ನಂಬದವರಿಗಿಂತ ಚುರುಕೆಂದೂ ತೋರಲಿಲ್ಲ.

ಮುಂದೆ ಕಾರ್ ಆಡಿಯೋದ ರಿಚರ್ಡ್ ಕ್ಲಾರ್ಕ್, ಎರಡು ಆಂಪ್ಲಿಫೈಯರ್‌ಗಳನ್ನು ಕೇಳಿಯೇ ಬೇರ್ಪಡಿಸಿದವರಿಗೆ 10,000 ಡಾಲರ್ ಎಂದು ಪಣ ಇಟ್ಟರು. ಹನ್ನೆರಡಕ್ಕೆ ಹನ್ನೆರಡು ಸರಿ, ಅದೂ ಎರಡು ಸಲ. ವರ್ಷಗಟ್ಟಲೆ ಜನ ಬಂದು ಕೂತರು, ಹಣ ಯಾರೂ ಒಯ್ಯಲಿಲ್ಲ. ಈ ಪಣದ ಬಗ್ಗೆ ನನ್ನ ಒಂದು ತಕರಾರಿದೆ. ಮಂದ್ರ, ತಾರಕ ಆವರ್ತನಗಳ ಮಟ್ಟದಲ್ಲಿ ಏರುಪೇರಿದ್ದರೆ ಅದನ್ನೂ ಈಕ್ವಲೈಸರ್ ಎಂಬ ಹೊಂದಿಸುವ ಸಾಧನದಿಂದ ಸಮ ಮಾಡಲು ನಿಯಮದಲ್ಲಿ ಅವಕಾಶವಿತ್ತು. ಕೇಳಿಸಬಹುದಾದ ಮುಖ್ಯ ವ್ಯತ್ಯಾಸವನ್ನೇ ಮೊದಲು ಒರೆಸಿಹಾಕಿ ‘ಹುಡುಕಿ’ ಎಂದಂತೆ. ಕ್ಲಾರ್ಕ್ ಸಾಧಿಸಬೇಕೆಂದಿದ್ದ ಅಂಶಕ್ಕೆ ಅದು ಸರಿ. ಆದರೆ ‘ಎಲ್ಲ ಆಂಪ್ಲಿಫೈಯರ್ ಒಂದೇ’ ಎಂದು ಹೇಳಲು ಆ ಪಣವನ್ನು ಎತ್ತಿ ತೋರಿಸುವವರು ನಿಯಮ ಓದಿಲ್ಲ.

ಅಂಗಡಿಯಲ್ಲಿ ನಾನೇ ಕೂತು ಕೇಳಿದೆ. ವ್ಯತ್ಯಾಸ ಹಗಲಿನಷ್ಟು ಸ್ಪಷ್ಟವಾಗಿತ್ತು. ನನ್ನ ಕಿವಿ ಸುಳ್ಳು ಹೇಳಿತೇ?

ಕಿವಿ ಸರಿಯಾಗಿಯೇ ಕೇಳಿತು. ಒಂದು ಇನ್ನೊಂದಕ್ಕಿಂತ ಸ್ವಲ್ಪ ಜೋರಾಗಿತ್ತು, ಅಷ್ಟೇ. ಅರ್ಧ ಡೆಸಿಬೆಲ್ (ಸದ್ದಿನ ಮಟ್ಟದ ಅಳತೆ) ಹೆಚ್ಚಾದರೆ ‘ಜೋರು’ ಎಂದು ಯಾರಿಗೂ ಅನಿಸುವುದಿಲ್ಲ. ‘ತುಂಬಿಕೊಂಡಿದೆ’, ‘ಗಾಯಕಿ ಮುಂದೆ ಬಂದು ನಿಂತಳು’, ‘ತಬಲಾ ಬಿಗಿಯಾಯಿತು’ ಎಂದೇ ಅನಿಸುತ್ತದೆ. ಎರಡು ಯಂತ್ರಗಳ ವಾಲ್ಯೂಮ್ ಗುಂಡಿಯನ್ನು ಹನ್ನೆರಡು ಗಂಟೆಯ ಕಡೆ ತಿರುಗಿಸಿದ ಮಾತ್ರಕ್ಕೆ ಮಟ್ಟ ಸಮವಾಗುವುದಿಲ್ಲ. ಮೂರು ನಾಲ್ಕು ಡೆಸಿಬೆಲ್ ಅಂತರ ಸಾಮಾನ್ಯ. ಮಾರುವವರು ಮೋಸ ಮಾಡಿದರು ಎನ್ನಬೇಕಾಗಿಲ್ಲ, ಅವರಿಗೂ ಹಾಗೆಯೇ ಕೇಳಿಸಿರುತ್ತದೆ.

## ಮನೆಯಲ್ಲೇ ಪರೀಕ್ಷೆ

ನಾನೇ ಮಾಡಿ ನೋಡಬೇಕು. ಏನೇನು ಬೇಕು?

ಮಲ್ಟಿಮೀಟರ್, ಎರಡು ದಾರಿಯ ಸ್ವಿಚ್, ಒಂದು ನಾಣ್ಯ, ಹಾಳೆ, ಪೆನ್ನು, ಮತ್ತು ಆಂಪ್ಲಿಫೈಯರ್ ಗೊಡವೆಯೇ ಬೇಡವೆನ್ನುವ ಮನೆಯವರೊಬ್ಬರು. ಕೊನೆಯವರು ಎಲ್ಲ ಮನೆಯಲ್ಲೂ ಸಿಗುತ್ತಾರೆ.

ಮೊದಲು ಮಟ್ಟ ಸರಿಮಾಡಿ. 100 ಹರ್ಟ್ಸ್‌ನ (ಸೆಕೆಂಡಿಗೆ ನೂರು ಕಂಪನದ) ಸ್ಥಿರ ನಾದ ನುಡಿಸಿ, ಸ್ಪೀಕರ್‌ನ ತಂತಿಗಳ ನಡುವೆ ಎಸಿ ವೋಲ್ಟೇಜ್ ಅಳೆಯಿರಿ. ಒಂದರಲ್ಲಿ 2.00 ವೋಲ್ಟ್ ಬಂದರೆ ಇನ್ನೊಂದರಲ್ಲಿ 1.98ರಿಂದ 2.02ರ ಒಳಗೆ ಇರಬೇಕು. ನೂರಕ್ಕೆ ಒಂದರ ಈ ಅಂತರ ಎಂದರೆ ಸುಮಾರು 0.1 ಡೆಸಿಬೆಲ್. 1,000 ಹರ್ಟ್ಸ್ ಏಕಲ್ಲ ಎಂದರೆ, ಅಗ್ಗದ ಮಲ್ಟಿಮೀಟರ್‌ಗಳು ಕೆಲವು ನೂರು ಹರ್ಟ್ಸ್ ದಾಟಿದ ಮೇಲೆ ಎಸಿಯನ್ನು ಸರಿಯಾಗಿ ಅಳೆಯುವುದಿಲ್ಲ. ಎಡ ಬಲ ಎರಡನ್ನೂ ಅಳೆಯಿರಿ.

ಸ್ವಿಚ್ ವಿಷಯದಲ್ಲಿ ಎಚ್ಚರ. ಎರಡು ಆಂಪ್ಲಿಫೈಯರ್‌ಗಳ ಔಟ್‌ಪುಟ್ ಒಂದು ಕ್ಷಣವೂ ಪರಸ್ಪರ ತಾಗಬಾರದು. ಒಂದನ್ನು ಪೂರ್ತಿ ಬಿಟ್ಟ ಮೇಲೆಯೇ ಇನ್ನೊಂದನ್ನು ಹಿಡಿಯುವ ಸ್ವಿಚ್ ಬೇಕು, ಪ್ಲಸ್ ಮೈನಸ್ ಎರಡು ತಂತಿಯೂ ಬದಲಾಗಬೇಕು. ವಾಲ್ವ್ ಆಂಪ್ಲಿಫೈಯರನ್ನು ಸ್ಪೀಕರ್ ಇಲ್ಲದೆ ನುಡಿಸಿದರೆ ಅದರ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು. ಅದರ ಸರದಿ ಇಲ್ಲದಾಗ 8 ಓಮ್‌ನ (ಓಮ್ ಎಂದರೆ ವಿದ್ಯುತ್ ಅಡ್ಡಿಯ ಅಳತೆ) ದೊಡ್ಡ ರೆಸಿಸ್ಟರ್ ಅದಕ್ಕೆ ಜೋಡಿಕೊಳ್ಳುವಂತೆ ಮಾಡಿ.

ಇಷ್ಟಾದರೂ ಎಡವಟ್ಟು ಹೇಗೆ ಆಗುತ್ತದೆ ಎಂದು ಹೇಳುತ್ತೇನೆ. ಮೈಸೂರಿನಲ್ಲಿ ಭಾವನ ಮನೆಯ ಹಾಲ್. ಅವರ ಹಳೆಯ ವಾಲ್ವ್ ಆಂಪ್ಲಿಫೈಯರ್ ಒಂದು ಕಡೆ, ನಾನು ಜೋಡಿಸಿದ ಟ್ರಾನ್ಸಿಸ್ಟರ್‌ನದು ಇನ್ನೊಂದು ಕಡೆ. ಅಕ್ಕ ಬಾಗಿಲ ಹಿಂದೆ ಕೂತು ನಾಣ್ಯ ಚಿಮ್ಮಿ, ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಬರೆದುಕೊಂಡು ಸ್ವಿಚ್ ತಿರುಗಿಸಿದಳು. ಭಾವ ಹದಿನಾರಕ್ಕೆ ಹದಿನಾರು ಸರಿ ಹೇಳಿದರು. ನಾನು ಬೆವತೆ. ಕಾಫಿ ಬಂದ ಮೇಲೆ ಅವರೇ ನಕ್ಕು ಹೇಳಿದರು: “ಹಾಡು ಶುರುವಾಗುವ ಮುಂಚೆಯೇ ಗೊತ್ತಾಗುತ್ತದಯ್ಯಾ. ನನ್ನದು ಗುಂಯ್ ಎನ್ನುತ್ತದೆ, ನಿನ್ನದು ಎನ್ನುವುದಿಲ್ಲ.” ಹಾಡುಗಳ ನಡುವಿನ ಮೌನದಲ್ಲಿ 50 ಹರ್ಟ್ಸ್‌ನ ಗುಂಯ್ಗುಡುವಿಕೆ ಕೇಳಿಸುತ್ತಿತ್ತು. ಅದೂ ನಿಜವಾದ ವ್ಯತ್ಯಾಸವೇ, ಆದರೆ ನಾವು ಹುಡುಕುತ್ತಿದ್ದದ್ದು ಅದಲ್ಲ. ಎರಡನೆಯ ಸುತ್ತಿನಲ್ಲಿ ಸಂಗೀತ ನಿಲ್ಲದಂತೆ ನೋಡಿಕೊಂಡು, ನಡುವೆಯೇ ಬದಲಿಸಿದೆವು.

ಹದಿನಾರರಲ್ಲಿ ಎಷ್ಟು ಸರಿಯಾದರೆ ಗೆದ್ದ ಹಾಗೆ?

ಹನ್ನೆರಡು. ಬರೀ ಊಹೆಯಿಂದ ಹನ್ನೆರಡೋ ಹೆಚ್ಚೋ ಸರಿಯಾಗುವ ಸಾಧ್ಯತೆ ನೂರಕ್ಕೆ ನಾಲ್ಕರಷ್ಟು ಮಾತ್ರ. ಹದಿಮೂರಕ್ಕೆ ಅದು ನೂರಕ್ಕೆ ಒಂದು. ಹತ್ತೇ ಸಲ ಮಾಡುವುದಾದರೆ ಒಂಬತ್ತು ಬೇಕು. ಎಂಟು ಬಂದವರು ಖುಷಿಪಡಬಾರದು, ಊಹೆಯಿಂದಲೂ ಹದಿನೆಂಟು ಸಲಕ್ಕೊಮ್ಮೆ ಅಷ್ಟು ಬರುತ್ತದೆ. ಎಷ್ಟು ಸಲ ಮಾಡುತ್ತೀರಿ ಎಂದು ಮೊದಲೇ ಬರೆದಿಡಿ. ಗೆಲ್ಲುವವರೆಗೆ ಆಡಿ, ಗೆದ್ದ ಕೂಡಲೇ ಎದ್ದುಹೋಗುವುದು ಇಸ್ಪೀಟಿನಲ್ಲೂ ಮರ್ಯಾದೆಯಲ್ಲ.

ಯಾವ ಸಂಗೀತ ಹಾಕಿದರೆ ವ್ಯತ್ಯಾಸ ಬೇಗ ಸಿಗುತ್ತದೆ?

ಮೆಚ್ಚಿನ ಹಾಡನ್ನು ಹಾಕಬೇಡಿ; ಎರಡನೇ ಚರಣಕ್ಕೆ ಪರೀಕ್ಷೆಯೇ ಮರೆತುಹೋಗುತ್ತದೆ. ಬದಲಾಗದೆ ಹರಿಯುವ ಸದ್ದು ಒಳ್ಳೆಯದು: ತಂಬೂರಿಯ ಶ್ರುತಿ, ಜನರ ಚಪ್ಪಾಳೆ, ಅಥವಾ ಪಿಂಕ್ ನಾಯ್ಸ್, ಅಂದರೆ ಎಲ್ಲ ಆವರ್ತನಗಳೂ ಬೆರೆತು ಜಲಪಾತದಂತೆ ಭೋರ್ಗರೆಯುವ ಸದ್ದು. ಆವರ್ತನಗಳ ಏರುಪೇರು ಇದ್ದರೆ ಪಿಂಕ್ ನಾಯ್ಸ್‌ನಲ್ಲಿ ಒಂದು ಡೆಸಿಬೆಲ್‌ಗಿಂತ ಕಡಿಮೆಯದೂ ಸಿಕ್ಕಿಬೀಳುತ್ತದೆ. ತುಣುಕುಗಳು ಕೆಲವೇ ಸೆಕೆಂಡುಗಳಿರಲಿ. ಸದ್ದಿನ ಸೂಕ್ಷ್ಮ ನೆನಪು ಅಷ್ಟರಲ್ಲೇ ಮಾಸಿಹೋಗುತ್ತದೆ.

## ವ್ಯತ್ಯಾಸ ನಿಜವಾಗಿ ಇದ್ದಾಗ

ವಾಲ್ವ್ ಆಂಪ್ಲಿಫೈಯರ್‌ನ ದನಿ ಬೆಚ್ಚಗಿರುತ್ತದೆ ಎನ್ನುತ್ತಾರೆ. ಅದೂ ಭ್ರಮೆಯೇ?

ಅಲ್ಲ. ಮೈಸೂರಿನ ಕಥೆಯ ಎರಡನೆಯ ಸುತ್ತಿನಲ್ಲಿ ಗುಂಯ್ಗುಡುವಿಕೆಯ ಸುಳಿವು ತೆಗೆದ ಮೇಲೂ ಭಾವ ಹದಿನಾರರಲ್ಲಿ ಹದಿಮೂರು ಸರಿ ಹೇಳಿದರು. ನಾನು ಸೋತೆ ಎಂದು ಒಪ್ಪಿಕೊಂಡೆ.

ಕಾರಣ ಔಟ್‌ಪುಟ್ ಇಂಪೀಡೆನ್ಸ್, ಅಂದರೆ ಹೊರಹೋಗುವ ವಿದ್ಯುತ್ತಿಗೆ ಆಂಪ್ಲಿಫೈಯರ್ ಒಳಗೇ ಇರುವ ಅಡ್ಡಿ. ‘8 ಓಮ್’ ಎಂದು ಬರೆದ ಸ್ಪೀಕರ್ ಎಲ್ಲ ಸ್ವರಕ್ಕೂ 8 ಓಮ್ ಆಗಿರುವುದಿಲ್ಲ. ಒಂದೆಡೆ 4ಕ್ಕೆ ಇಳಿದು, ಇನ್ನೊಂದೆಡೆ 30ಕ್ಕೆ ಏರಬಹುದು. ಆಂಪ್ಲಿಫೈಯರ್‌ನ ಒಳಗೆ 2 ಓಮ್ ಅಡ್ಡಿ ಇದೆ ಎಂದುಕೊಳ್ಳಿ. ಕೆಲವು ವಾಲ್ವ್ ಯಂತ್ರಗಳಲ್ಲಿ ಅಷ್ಟಿರುತ್ತದೆ. ಸ್ಪೀಕರ್ 4 ಓಮ್ ಇರುವಲ್ಲಿ ಸುಮಾರು 3.5 ಡೆಸಿಬೆಲ್ ನಷ್ಟ, 30 ಓಮ್ ಇರುವಲ್ಲಿ ಅರ್ಧ ಡೆಸಿಬೆಲ್ ಮಾತ್ರ. ಹಾಗಾಗಿ ಸ್ಪೀಕರ್‌ನ ಇಂಪೀಡೆನ್ಸ್ ಗುಡ್ಡ ಕಣಿವೆಗಳು 3 ಡೆಸಿಬೆಲ್ ಎತ್ತರದ ನಕ್ಷೆಯಾಗಿ ದನಿಯ ಮೇಲೆ ಅಚ್ಚಾಗುತ್ತವೆ. ಮಂದ್ರದಲ್ಲಿ ಒಂದು ಉಬ್ಬು, ಮಧ್ಯದಲ್ಲಿ ಒಂದು ಏರು: ಅದಕ್ಕೇ ಜನ ‘ಬೆಚ್ಚಗೆ’ ಎನ್ನುವುದು. ಒಳ್ಳೆಯ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್‌ನಲ್ಲಿ ಈ ಅಡ್ಡಿ 0.05 ಓಮ್‌ನಷ್ಟಿರುತ್ತದೆ, ಆಗ ಅದೇ ಸ್ಪೀಕರ್‌ನಲ್ಲಿ ಏರುಪೇರು 0.1 ಡೆಸಿಬೆಲ್ ಕೂಡ ಆಗದು.

ಹಾಗಿದ್ದರೆ ಅಡ್ಡಿ ಹಾಕಿದರೆ ನನ್ನದೂ ಬೆಚ್ಚಗಾಗಬೇಕು ಎಂದು ಅಂದು ಮೈಸೂರಿನಲ್ಲೇ ನನಗನಿಸಿತು. ಚೀಲದಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದ ಬಿಳಿ ಸಿಮೆಂಟ್ ರೆಸಿಸ್ಟರ್‌ಗಳಿದ್ದವು. ಒಂದೂವರೆ ಓಮ್‌ನದನ್ನು ನನ್ನ ಆಂಪ್ಲಿಫೈಯರ್ ಮತ್ತು ಸ್ಪೀಕರ್ ನಡುವೆ, ಎರಡು ಬದಿಗೂ ಸೇರಿಸಿ, ಮಟ್ಟವನ್ನು ಮತ್ತೆ ಅಳೆದು ಸರಿಮಾಡಿದೆ. ಮೂರನೆಯ ಸುತ್ತು: ಹದಿನಾರರಲ್ಲಿ ಏಳು. ಭಾವ ಹಾಳೆಯನ್ನು ಎರಡು ಸಲ ಎಣಿಸಿದರು. ಆಮೇಲೆ ಆ ಬಿಳಿ ತುಂಡನ್ನು ಬೆರಳಲ್ಲಿ ಹಿಡಿದು, “ಇದರೊಳಗೇ ಇತ್ತೇ ಇಷ್ಟು ವರ್ಷ?” ಎಂದರು. ಅವರು ಈಗಲೂ ವಾಲ್ವ್‌ನಲ್ಲೇ ಕೇಳುತ್ತಾರೆ, ಅದರ ಬೆಳಕು ಇಷ್ಟ ಎನ್ನುತ್ತಾರೆ. ನಾನು ತಕರಾರು ತೆಗೆದಿಲ್ಲ.

50 ವ್ಯಾಟ್ ಸಾಕೇ? 200 ವ್ಯಾಟ್‌ನದರಲ್ಲಿ ‘ಸರಾಗ’ ಇರುತ್ತದಂತೆ?

ಸರಾಗ ಎನ್ನುವುದು ಹಲವು ಸಲ ಕ್ಲಿಪ್ಪಿಂಗ್, ಅಂದರೆ ಶಕ್ತಿ ಸಾಲದೆ ಸದ್ದಿನ ಅಲೆಯ ತುದಿ ಕತ್ತರಿಸಿಹೋಗುವುದು, ಇಲ್ಲದಿರುವುದರ ಇನ್ನೊಂದು ಹೆಸರು. ಮನೆಯಲ್ಲಿ ಜೋರಾಗಿ ಕೇಳುವಾಗಲೂ ಸರಾಸರಿ ಒಂದೆರಡು ವ್ಯಾಟ್ ಮಾತ್ರ ಖರ್ಚಾಗುತ್ತದೆ. ಆದರೆ ಮೃದಂಗದ ಒಂದು ಪೆಟ್ಟು ಸರಾಸರಿಗಿಂತ 15ರಿಂದ 20 ಡೆಸಿಬೆಲ್ ಮೇಲೆ ಜಿಗಿಯಬಹುದು. ಪ್ರತಿ 10 ಡೆಸಿಬೆಲ್‌ಗೆ ಹತ್ತು ಪಟ್ಟು ಶಕ್ತಿ ಬೇಕು. ಹಾಗಾಗಿ ಒಂದು ವ್ಯಾಟ್ 20 ಡೆಸಿಬೆಲ್ ಏರಿದರೆ ನೂರು ವ್ಯಾಟ್. ಅಲ್ಲಿ 50 ವ್ಯಾಟ್‌ನದು ತಲೆ ಕತ್ತರಿಸಿಕೊಳ್ಳುತ್ತದೆ, 200ರದು ಉಳಿಯುತ್ತದೆ. ಕಣ್ಣು ಕಟ್ಟಿದರೂ ಇದು ಕೇಳಿಸಬಲ್ಲದು. ಆದರೆ 50ರಿಂದ 200ಕ್ಕೆ ಹೋದರೆ ಸಿಗುವುದು 6 ಡೆಸಿಬೆಲ್ ಅಷ್ಟೇ. ಸಣ್ಣ ಕೋಣೆಯಲ್ಲಿ, ನೆರೆಯವರ ಜೊತೆ ಮಾತುಕತೆ ಉಳಿಸಿಕೊಂಡು ಕೇಳುವವರಿಗೆ 50 ಸಾಕು.

ಎರಡು ಸಾವಿರ ರೂಪಾಯಿಯ ಕ್ಲಾಸ್ ಡಿ ಬೋರ್ಡ್ ದುಬಾರಿ ಯಂತ್ರಕ್ಕೆ ಸಮವೇ?

ಬಹುಪಾಲು ಸಮ, ಒಂದು ಕಡೆ ಅಲ್ಲ. ಕ್ಲಾಸ್ ಡಿ ಎಂದರೆ ಟ್ರಾನ್ಸಿಸ್ಟರನ್ನು ಸ್ವಿಚ್‌ನಂತೆ ಅತಿ ವೇಗವಾಗಿ ಹಾಕಿ ಆರಿಸಿ, ಕೊನೆಗೆ ಫಿಲ್ಟರ್‌ನಲ್ಲಿ ಸೋಸಿ ಸಂಗೀತ ಪಡೆಯುವ ಬಗೆ. ಅಗ್ಗದ ಬೋರ್ಡುಗಳಲ್ಲಿ ಚಿಪ್‌ನ ಆಚೆ ಇರುವ ಸುರುಳಿ ಮತ್ತು ಕೆಪಾಸಿಟರ್‌ನ ಫಿಲ್ಟರ್, ಔಟ್‌ಪುಟ್ ನೋಡಿ ತಪ್ಪು ತಿದ್ದಿಕೊಳ್ಳುವ ಫೀಡ್‌ಬ್ಯಾಕ್ ವಲಯದ ಹೊರಗಿರುತ್ತದೆ. ಅದರಿಂದ ಸ್ಪೀಕರ್‌ನ ಇಂಪೀಡೆನ್ಸ್‌ಗೆ ತಕ್ಕಂತೆ ತಾರಕದ ತುದಿ, 10,000 ಹರ್ಟ್ಸ್ ಮೇಲೆ, ಏರುತ್ತದೆ ಅಥವಾ ಬೀಳುತ್ತದೆ. ನನ್ನ ವಯಸ್ಸಿನ ಕಿವಿಗೆ ಅದು ಕೇಳಿಸದು, ಮಗಳಿಗೆ ಕೇಳಿಸುತ್ತದೆ. ಫಿಲ್ಟರ್‌ನ ನಂತರದಿಂದ ಫೀಡ್‌ಬ್ಯಾಕ್ ತೆಗೆಯುವ ವಿನ್ಯಾಸಗಳಲ್ಲಿ ಈ ತೊಂದರೆ ಇಲ್ಲ.

ಡಿಸ್ಟಾರ್ಷನ್ 0.001 ಶೇಕಡ ಎಂದಿರುವುದು 0.05ಕ್ಕಿಂತ ಚೆನ್ನಲ್ಲವೇ?

ಡಿಸ್ಟಾರ್ಷನ್ ಎಂದರೆ ಯಂತ್ರ ತಾನಾಗಿ ಸೇರಿಸುವ ವಿಕಾರ. ಅಂಕಿಯಲ್ಲಿ ಚೆನ್ನ. ಸಂಗೀತದೊಳಗೆ ಎರಡೂ ಕೇಳಿಸುವುದಿಲ್ಲ. ಬೇಕಾದರೆ ಸ್ಪೀಕರ್‌ನ ಡಿಸ್ಟಾರ್ಷನ್ ಎಷ್ಟೆಂದು ವಿಚಾರಿಸಿ. ಮಂದ್ರದಲ್ಲಿ ಶೇಕಡ ಒಂದು ದಾಟುವುದು ಅಪರೂಪವಲ್ಲ.

## ವಾದ, ಪ್ರತಿವಾದ

ಪರೀಕ್ಷೆಯ ಒತ್ತಡದಲ್ಲಿ ಕಿವಿ ಮಂಕಾಗುತ್ತದೆ. ತಿಂಗಳುಗಟ್ಟಲೆ ನೆಮ್ಮದಿಯಾಗಿ ಕೇಳಿದರೆ ಮಾತ್ರ ತಿಳಿಯುತ್ತದೆ.

ಆಕ್ಷೇಪಗಳಲ್ಲಿ ಇದು ಗಟ್ಟಿಯಾದದ್ದು, ಉತ್ತರವೂ ಗಟ್ಟಿಯಾಗಿಯೇ ಇರಬೇಕು. ಮೊದಲಿಗೆ, ಗುಟ್ಟಾಗಿ ಕೇಳುವುದಕ್ಕೂ ಅವಸರಕ್ಕೂ ಸಂಬಂಧವಿಲ್ಲ. ಪರದೆ ಹಾಕಿಸಿ, ಎರಡು ವಾರ ಒಂದನ್ನು, ಎರಡು ವಾರ ಇನ್ನೊಂದನ್ನು ಕೇಳಿ, ಯಾರು ಬೇಡವೆಂದರು? ಎರಡನೆಯದಾಗಿ, ಅದೇ ಒತ್ತಡದಲ್ಲಿ ಅದೇ ಜನ 0.3 ಡೆಸಿಬೆಲ್‌ನ ಮಟ್ಟದ ವ್ಯತ್ಯಾಸವನ್ನು ಹಿಡಿಯಬಲ್ಲರು. ಆತಂಕ ಅಷ್ಟು ಸಣ್ಣದನ್ನು ಮರೆಮಾಡದೆ, ‘ಹಗಲಿನಷ್ಟು ಸ್ಪಷ್ಟ’ವಾದದ್ದನ್ನು ಮಾತ್ರ ನುಂಗುತ್ತದೆ ಎನ್ನುವುದು ನನಗೆ ಹಿಡಿಸದ ಮಾತು. ನಿಮಗೆ ಅನುಮಾನವಿದ್ದರೆ ಪರೀಕ್ಷೆಯ ನಡುವೆ ಗೊತ್ತಿರುವ ಸಣ್ಣ ವ್ಯತ್ಯಾಸವೊಂದನ್ನು ಬೇಕೆಂದೇ ಸೇರಿಸಿ. ಅದೂ ಸಿಗದಿದ್ದರೆ ಆ ದಿನದ ಫಲಿತಾಂಶವನ್ನು ಎಸೆಯಬಹುದು.

ಸರಿ, ನನಗೆ ಕೇಳಿಸಲಿಲ್ಲ. ಅಷ್ಟಕ್ಕೇ ವ್ಯತ್ಯಾಸ ಇಲ್ಲವೆಂದು ಸಾಬೀತಾಯಿತೇ?

ಇಲ್ಲ. ಆ ದಿನ, ಆ ಕೋಣೆಯಲ್ಲಿ, ಆ ಸ್ಪೀಕರ್‌ನಲ್ಲಿ ನೀವು ಗುರುತಿಸಿದ್ದಕ್ಕೆ ಪುರಾವೆ ಸಿಗಲಿಲ್ಲ ಎಂದಷ್ಟೇ. ಹತ್ತೇ ಸಲದ ಪರೀಕ್ಷೆ ನಿಜವಾದ ಸಣ್ಣ ವ್ಯತ್ಯಾಸವನ್ನೂ ಸುಲಭವಾಗಿ ಕಳೆದುಕೊಳ್ಳುತ್ತದೆ. ‘ಎಲ್ಲವೂ ಒಂದೇ, ವಿಜ್ಞಾನ ಹೇಳಿದೆ’ ಎಂದು ಎದೆ ತಟ್ಟಿಕೊಳ್ಳುವವರೂ ಇಲ್ಲಿ ಸ್ವಲ್ಪ ತಗ್ಗಬೇಕು. ಆದರೆ ವ್ಯತ್ಯಾಸ ಇದೆ ಎಂದು ಹೇಳಿ ಹಣ ಕೇಳುವವರು ತೋರಿಸಬೇಕಾದ ಹೊಣೆ ಅವರದೇ.

ಒಂದು ಆಂಪ್ಲಿಫೈಯರ್ ಇನ್ನೊಂದರ ಹಾಗೆಯೇ ಕೇಳಿಸುವಂತೆ ಮಾಡಬಹುದೇ?

1985ರಲ್ಲಿ ಅಮೆರಿಕದ ಆಂಪ್ಲಿಫೈಯರ್ ತಯಾರಕ ಬಾಬ್ ಕಾರ್ವರ್ ಇದನ್ನೇ ಸವಾಲಾಗಿ ಹಾಕಿದರು: ಯಾವ ದುಬಾರಿ ಆಂಪ್ಲಿಫೈಯರ್ ಬೇಕಾದರೂ ಕೊಡಿ, ನನ್ನ ಅಗ್ಗದ್ದನ್ನು ಅದರಂತೆ ನುಡಿಸುತ್ತೇನೆ. ‘ಸ್ಟೀರಿಯೋಫೈಲ್’ ಪತ್ರಿಕೆ ಸವಾಲು ಸ್ವೀಕರಿಸಿತು. ಕಾರ್ವರ್ ಸಾಂಟಾ ಫೇ ಊರಿನಲ್ಲಿ ತಂಗಿದ್ದ ಕೋಣೆಯಲ್ಲೇ ಬೆಸುಗೆ ಕಡ್ಡಿ ಹಿಡಿದು ಕೂತರು. ಅವರ ಉಪಾಯ ಸರಳ. ಎರಡಕ್ಕೂ ಒಂದೇ ಸಂಗೀತ ಕೊಟ್ಟು, ಒಂದರ ಔಟ್‌ಪುಟ್‌ನಿಂದ ಇನ್ನೊಂದನ್ನು ಕಳೆದರೆ ಉಳಿಯುವುದೇ ವ್ಯತ್ಯಾಸ. ಆ ಶೇಷವನ್ನು ತಗ್ಗಿಸುತ್ತಾ ಹೋಗುವುದು. ಶೇಷ 70 ಡೆಸಿಬೆಲ್ ಕೆಳಗಿಳಿಯಿತು, ಅಂದರೆ ಮೂಲದ ಮೂರು ಸಾವಿರದಲ್ಲಿ ಒಂದು ಪಾಲು. ಪತ್ರಿಕೆಯ ಕಿವಿಗಳಿಗೆ ಎರಡನ್ನೂ ಬೇರ್ಪಡಿಸಲಾಗಲಿಲ್ಲ. ಆಮೇಲೆ ಕಾರ್ಖಾನೆಯಲ್ಲಿ ತಯಾರಾಗಿ ಬಂದ ಮಾದರಿ ಅಷ್ಟು ಹೊಂದುವುದಿಲ್ಲ ಎಂದು ಅದೇ ಪತ್ರಿಕೆಯೊಡನೆ ದೊಡ್ಡ ಜಟಾಪಟಿಯೂ ನಡೆಯಿತು. ಬಿಡಿ, ಅದು ಬೇರೆ ಪುರಾಣ.

ಹಾಗಾದರೆ ಲಕ್ಷಗಟ್ಟಲೆ ಕೊಟ್ಟು ಆಂಪ್ಲಿಫೈಯರ್ ಕೊಂಡವರೆಲ್ಲ ಮೂರ್ಖರೇ?

ಹಾಗೆಂದು ನಾನು ಎಲ್ಲೂ ಹೇಳಿಲ್ಲ. ಮೂವತ್ತು ವರ್ಷ ಬಾಳುವ ಗಟ್ಟಿತನ, ತೊಡಕಿನ ಸ್ಪೀಕರನ್ನೂ ಎಳೆಯುವ ಕಸುವು, ಕೈಗೆ ಹಿತವಾಗುವ ಗುಂಡಿ: ಇವಕ್ಕೆಲ್ಲ ಬೆಲೆ ಇದೆ. ರೇಷ್ಮೆ ಸೀರೆ ಹತ್ತಿಯದಕ್ಕಿಂತ ಬೆಚ್ಚಗಿಡುತ್ತದೆಂದು ಯಾರೂ ಕೊಳ್ಳುವುದಿಲ್ಲ. ದನಿಯ ಹೆಸರಿನಲ್ಲಿ ಮಾರಿದಾಗ ಮಾತ್ರ ನನಗೆ ಕಿರಿಕಿರಿ.

ನನ್ನ ಬಳಿ 60,000 ರೂಪಾಯಿ ಇದೆ. ಆಂಪ್ಲಿಫೈಯರ್‌ಗೆ ಎಷ್ಟು, ಸ್ಪೀಕರ್‌ಗೆ ಎಷ್ಟು?

ಆಂಪ್ಲಿಫೈಯರ್‌ಗೆ 15,000 ಮೀರಬೇಡಿ, ಸ್ಪೀಕರ್‌ಗೆ 40,000. ಎರಡು ಸ್ಪೀಕರ್ ಮಾದರಿಗಳ ನಡುವೆ ಹಲವು ಡೆಸಿಬೆಲ್‌ಗಳ ಅಂತರವಿರುತ್ತದೆ, ಅದನ್ನು ಕೇಳಲು ಪರೀಕ್ಷೆಯೇ ಬೇಡ. ಆಂಪ್ಲಿಫೈಯರ್ ಕೊಳ್ಳುವಾಗ 4 ಓಮ್ ಸ್ಪೀಕರ್ ಎಳೆಯುತ್ತದೆಯೇ, ಸ್ಪೀಕರ್‌ಗೆ ಕಿವಿ ಹಚ್ಚಿದರೆ ಸುಯ್ಗುಡುತ್ತದೆಯೇ, ನಿಮ್ಮ ಊರಿನಲ್ಲಿ ದುರಸ್ತಿಯಾಗುತ್ತದೆಯೇ, ಇಷ್ಟು ನೋಡಿ. ಉಳಿದ 5,000ಕ್ಕೆ ದಪ್ಪ ಪರದೆ, ಜಮಖಾನ. ನಮ್ಮ ಮನೆಗಳ ನುಣುಪು ನೆಲ, ಬರಿ ಗೋಡೆಗಳಲ್ಲಿ ಸದ್ದು ಚೆಂಡಿನಂತೆ ಪುಟಿಯುತ್ತದೆ. ಗೋಡೆಯಿಂದ ಗೋಡೆಗೆ ಮೂರೂವರೆ ಮೀಟರ್ ಇರುವ ಕೋಣೆಯಲ್ಲಿ 49 ಹರ್ಟ್ಸ್ ಸುಮಾರಿಗೆ ಮಂದ್ರ ನಿಂತು ಮೊರೆಯುತ್ತದೆ. ಹಿಂಗೋಡೆಗೆ ಒರಗಿಸಿದ ಕುರ್ಚಿಯನ್ನು ಎರಡು ಅಡಿ ಮುಂದಕ್ಕೆಳೆದರೆ ಅದು ತಗ್ಗುತ್ತದೆ. ಕುರ್ಚಿ ಎಳೆಯಲು ದುಡ್ಡಿಲ್ಲ. ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಈಗಿರುವ ಸ್ಪೀಕರ್‌ನಲ್ಲೇ ಅದೊಂದನ್ನು ಮಾಡಿ ನೋಡಿ, ಆಮೇಲೆ ಬರೆಯಿರಿ.